ನಾಡಿ ಎಣಿಸಿದ ಮೇಲೆ

ಬೋಧನಾಭ್ಯಾಸದಲ್ಲಿ ನನಗೆ ಬಂದ ಘಟಕ ಹತ್ತನೇ ತರಗತಿಯ ‘ಜೀವಕ್ರಿಯೆಗಳು’. ರಕ್ತಪರಿಚಲನೆಯ ಪಾಠಕ್ಕೆ ನಾಡಿ ಎಣಿಸುವ ಚಟುವಟಿಕೆಯನ್ನು ಯೋಜಿಸಿದ್ದೆ. ಕುಳಿತಲ್ಲೇ 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಬೇಕು. ಮಕ್ಕಳ ಉತ್ತರಗಳು 72ರಿಂದ 88ರೊಳಗೆ ಬಂದವು. ಒಬ್ಬ ಹುಡುಗಿಯದು ಮಾತ್ರ 108. ಮತ್ತೆ ಎಣಿಸಿದರೂ ಅಷ್ಟೇ. ಅವಳು ಶಾಲೆಯ 1500 ಮೀಟರ್ ಓಟಗಾರ್ತಿ. ಓಡುವವರ ನಾಡಿ ವಿಶ್ರಾಂತಿಯಲ್ಲಿ ಸಾಮಾನ್ಯವಾಗಿ ಉಳಿದವರಿಗಿಂತ ನಿಧಾನವಾಗಿರುತ್ತದೆ.

ಅವಧಿ ಮುಗಿದ ಮೇಲೆ ಅವಳೇ ಬಂದಳು. “ಮಿಸ್, ಎರಡು ದಿನದಿಂದ ಮೈಕೈ ನೋವು, ಕೆಮ್ಮು. ಪಿ.ಟಿ. ಸರ್‌ಗೆ ಹೇಳ್ಬೇಡಿ. ಶನಿವಾರ ತಾಲ್ಲೂಕು ಮಟ್ಟ ಇದೆ. ಮುಂದಿನ ವರ್ಷ ನಾನು ಈ ಶಾಲೇಲಿ ಇರಲ್ಲ.”

ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ನಾನೂ ಕಾಲೇಜು ತಂಡದಲ್ಲಿ ಓಡುವವಳು. ಕಳೆದ ವರ್ಷ ಜ್ವರ ಬಂದಾಗ ಹನ್ನೆರಡು ದಿನ ಅಭ್ಯಾಸ ನಿಲ್ಲಿಸಿ, ಆಯ್ಕೆ ಓಟವನ್ನು ಕೈಬಿಟ್ಟಿದ್ದೆ. ಓಟಗಾರರು ಬಳಸುವ ಒಂದು ಸರಳ ಲೆಕ್ಕವಿದೆ: ತೊಂದರೆ ಕುತ್ತಿಗೆಯಿಂದ ಮೇಲೆ ಮಾತ್ರ ಇದ್ದರೆ, ಅಂದರೆ ಮೂಗು ಸೋರುವುದು, ಸೀನು ಇಷ್ಟೇ ಆದರೆ, ಹಗುರವಾಗಿ ಓಡಬಹುದು. ಎದೆಯ ಕೆಮ್ಮು, ಮೈಕೈ ನೋವು, ಜ್ವರ ಇದ್ದರೆ ಓಡಬಾರದು. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಹೃದಯ ನಿಮಿಷಕ್ಕೆ ಸುಮಾರು 10 ಸಲ ಹೆಚ್ಚು ಬಡಿಯುತ್ತದೆ. ಕೆಲವೊಮ್ಮೆ ವೈರಸ್ ಹೃದಯದ ಸ್ನಾಯುವಿಗೇ ಉರಿಯೂತ ತರುತ್ತದೆ. ಆಗ ಜೋರಾಗಿ ಓಡಿದರೆ ಬಡಿತದ ಲಯ ತಪ್ಪಿ ಪ್ರಾಣಕ್ಕೇ ಅಪಾಯವಾಗಬಹುದು.

ಇದನ್ನೆಲ್ಲ ಅವಳಿಗೆ ಹೇಳಿದೆ. “ಸರ್‌ಗೆ ಹೇಳದೆ ಇರೋಕೆ ಆಗಲ್ಲಮ್ಮ. ಆದರೆ ನೀನೇ ಹೇಳು, ನಾನು ಜೊತೆಗಿರ್ತೀನಿ” ಎಂದೆ. ಅವಳು ಸರ್ ಮುಂದೆ ನಿಂತು ಹೇಳಿದ್ದು ಒಂದೇ ಮಾತು: “ನೂರಾ ಎಂಟು ಇದೆ ಸರ್.” ಕಚೇರಿಯ ಥರ್ಮಾಮೀಟರ್ 101 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿತು. ಸರ್ ಅವಳ ಮನೆಗೆ ಫೋನ್ ಮಾಡಿದರು. ಶನಿವಾರ ಅವಳ ಬದಲು ಬೇರೆಯವಳು ಓಡಿದಳು.

ಮರಳಿ ಶಾಲೆಗೆ ಬಂದ ಮೇಲೂ ಒಂದು ವಾರ ಅವಳು ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಕೊನೆಯ ಅವಕಾಶ ಕಳೆದುಕೊಂಡವಳಿಗೆ ಹೃದಯದ ಚಿತ್ರ ಬಿಡಿಸಿ ತೋರಿಸಿದರೆ ಸಮಾಧಾನವಾಗುವುದಿಲ್ಲ. ನಾನೂ ಒತ್ತಾಯಿಸಲಿಲ್ಲ. ಆಮೇಲೊಂದು ದಿನ ಅವಳೇ ಕೇಳಿದಳು: “ಮತ್ತೆ ಯಾವಾಗ ಓಡಬಹುದು ಮಿಸ್?” ಡಾಕ್ಟರು ಸರಿ ಎಂದ ಮೇಲೆ, ಬೆಳಿಗ್ಗೆ ಏಳುವಾಗಿನ ನಾಡಿ ಮೊದಲಿನಂತಾದ ಮೇಲೆ, ಎಂದೆ. ಮೊದಲು ನಡಿಗೆ, ಆಮೇಲೆ ನಿಧಾನ ಓಟ, ಕೊನೆಗೆ ವೇಗ. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಬಂದರೆ ಅಲ್ಲೇ ನಿಲ್ಲಬೇಕು. ಅವಳು ನೋಟ್‌ಬುಕ್‌ನ ಕೊನೆಯ ಪುಟದಲ್ಲಿ ದಿನಾಂಕ, ನಾಡಿ ಎಂದು ಎರಡು ಕಾಲಂ ಹಾಕಿಕೊಂಡಳು.

ಪಾಠ ಯೋಜನೆಯಲ್ಲಿ ‘ಅನ್ವಯ’ ಎಂಬ ಉದ್ದೇಶವನ್ನು ನಾವೆಲ್ಲ ಬರೆಯುತ್ತೇವೆ. ಅನ್ವಯಿಸುವಾಗ ಮಗು ಏನನ್ನಾದರೂ ಬಿಟ್ಟುಕೊಡಬೇಕಾಗಿ ಬರಬಹುದು ಎಂಬುದು ನನಗೆ ಈ ಶಾಲೆಯಲ್ಲಿ ಕಂಡಿತು. “ಓಡಬೇಡ” ಎಂದು ಆಜ್ಞೆ ಮಾಡುವುದು ಸುಲಭ. ಆದರೆ ನಾಳೆ ಅವಳು ಬೇರೆ ಊರಿನ ಕಾಲೇಜಿನಲ್ಲಿ ಓಡುವಾಗ ಹೇಳಲು ನಾವ್ಯಾರೂ ಅಲ್ಲಿರುವುದಿಲ್ಲ. ತನ್ನ ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಣಿಸುವುದು ಅವಳಿಗೆ ಗೊತ್ತಿರುತ್ತದೆ.