ಹೊಸ ಮನೆಯ ಖಾಲಿ ಗೋಡೆ

ಗೃಹಪ್ರವೇಶದ ಮಾವಿನ ತೋರಣ ಇನ್ನೂ ಒಣಗಿರುವುದಿಲ್ಲ, ಬಂದವರೆಲ್ಲ "ಹಾಲ್‌ನಲ್ಲಿ ಏನು ಹಾಕಿಸ್ತೀರಿ?" ಅಂತ ಕೇಳೋಕೆ ಶುರು ಮಾಡ್ತಾರೆ. ನನ್ನ ಕೇಳಿದರೆ, ಸದ್ಯಕ್ಕೆ ಏನೂ ಬೇಡ. ಬೆಳಗಿನ ಬಿಸಿಲು ಯಾವ ಮೂಲೆಗೆ ಬೀಳುತ್ತೆ, ಸಂಜೆ ಕಾಫಿ ಲೋಟ ಹಿಡಿದು ಮನೆಮಂದಿ ತಾವಾಗಿಯೇ ಎಲ್ಲಿ ಕೂರ್ತಾರೆ ಅನ್ನೋದು ಮೊದಲು ಗೊತ್ತಾಗಲಿ. ಹೊಸ ಗಾರೆಯ ತೇವ ಆರೋದಕ್ಕೂ ಸಮಯ ಬೇಕು.

ಆಮೇಲೆ, ಒಂದೇ ಒಂದು ಗೋಡೆಯನ್ನಾದರೂ ಹಸೆ ಚಿತ್ತಾರಕ್ಕೆ ಬಿಡಿ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಬರೆಯೋ ಚಿತ್ತಾರ ಅದು. ಬಿಳಿಗೆ ಅಕ್ಕಿ ನೆನೆಸಿ ರುಬ್ಬಿದ ಹಿಟ್ಟು, ಕಪ್ಪಿಗೆ ಸೀಯುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಅಂದರೆ ಪುಂಡಿ ನಾರು, ಅಷ್ಟೇ. ಹತ್ತಿರ ನಿಂತು ನೋಡಬೇಕು: ಕೂದಲೆಳೆಯಂಥ ಗೆರೆಗಳು ಒಂದರ ಪಕ್ಕ ಒಂದು ಓಡಿ ಚೌಕವಾಗುತ್ತವೆ, ಆ ಚೌಕದೊಳಗೆ ಪುಟ್ಟ ಪುಟ್ಟ ಮದುಮಕ್ಕಳು ನಿಂತಿರ್ತಾರೆ. ಮದುವೆ ಮನೆಯಲ್ಲಿ ಹಸೆಗೋಡೆಗೆ ಬರೆಯೋದು ಇದನ್ನೇ. ಭೂಮಿ ಹುಣ್ಣಿಮೆ ಹಬ್ಬ ಬಂದರೆ ನೈವೇದ್ಯ ಒಯ್ಯೋ ಬುಟ್ಟಿಯ ಮೇಲೂ ಇದೇ ಕೈಚಳಕ. ಎಷ್ಟು ದುಬಾರಿ ವಾಲ್‌ಪೇಪರ್ ತಂದರೂ ಈ ಜೀವಂತಿಕೆ ಬರಲ್ಲ, ನನಗಂತೂ ಅದರಲ್ಲಿ ಅನುಮಾನವಿಲ್ಲ.

ಬಾಡಿಗೆ ಮನೆಯಾದರೆ ಓನರ್ ಗೋಡೆ ಮುಟ್ಟೋಕೆ ಬಿಡದೇ ಇರಬಹುದು. ಹಲಗೆ ಮೇಲೋ ಬಟ್ಟೆ ಮೇಲೋ ಬರೆಸಿ ತೂಗುಹಾಕಿ, ಮನೆ ಬದಲಿಸಿದಾಗ ಜೊತೆಗೇ ಒಯ್ಯಬಹುದು. ಬೆಲೆಯಲ್ಲಿ ಚೌಕಾಸಿ ಮಾತ್ರ ಮಾಡಬೇಡಿ, ದಿನಗಟ್ಟಲೆ ಬೆನ್ನು ಬಗ್ಗಿಸಿ ಕೂತು ಎಳೆದ ಗೆರೆಗಳವು. ಬರೆದವರ ಹೆಸರನ್ನೂ ಒಂದು ಮೂಲೆಯಲ್ಲಿ ಅವರ ಕೈಯಿಂದಲೇ ಬರೆಸಿಕೊಳ್ಳಿ.