ಉಲ್ಟಾ ಹರಿಕಥೆ

ನ್ಯೂ ವೇವ್ ರೆಕಾರ್ಡು ಕೂಡಿಹಾಕುತ್ತಿದ್ದೇನೆ ಅಂದಾಗ ಪಕ್ಕದ ಮನೆಯ ಮೇಷ್ಟ್ರು ಖುಷಿಯಾಗಿ, “‘ಘಟಶ್ರಾದ್ಧ’ ಸಿಕ್ತೇನ್ರೀ?” ಅಂದರು. ಹೊಸ ಅಲೆ ಎಂದರೆ ಅವರಿಗೆ ಕಾಸರವಳ್ಳಿ. ನನ್ನ ಅಲೆ ಬೇರೆ. ಅದು ಪಂಕ್ ಗದ್ದಲದ ಬೆನ್ನಿಗೇ ನ್ಯೂಯಾರ್ಕು, ಲಂಡನ್ನುಗಳಲ್ಲಿ ಎದ್ದು, ಯಾರೋ ಯಾರಿಗೋ ತುಂಬಿಸಿಕೊಟ್ಟ ಕ್ಯಾಸೆಟ್ಟುಗಳಲ್ಲಿ ಬಸವನಗುಡಿಯ ನಮ್ಮ ಮನೆಗೆ ಬಂದು ಬಿದ್ದಿತ್ತು.

ಈಗ ಒಂದೊಂದೇ ಕೊಳ್ಳುತ್ತಿದ್ದೇನೆ. ಬ್ಲಾಂಡಿಯ ‘ಪ್ಯಾರಲಲ್ ಲೈನ್ಸ್’ಗೆ 1978ರ ಚುರುಕು ಇನ್ನೂ ಹೋಗಿಲ್ಲ. ‘ದ ಪೊಲೀಸ್’ನವರು ಐದೇ ಆಲ್ಬಂ ಮಾಡಿ ನಿಲ್ಲಿಸಿದ ಪುಣ್ಯಾತ್ಮರು, ನನ್ನ ಜೇಬು ಉಳಿಯಿತು. ಎಡವಟ್ಟಾದದ್ದು ಟಾಕಿಂಗ್ ಹೆಡ್ಸ್‌ನ ‘ರಿಮೇನ್ ಇನ್ ಲೈಟ್’ನಲ್ಲಿ. 1980ರ ಆಲ್ಬಂ, ನನಗೆ ಬಾಯಿಪಾಠ. ಆದರೆ ಮುಳ್ಳಿಳಿಸಿ ಕೂತರೆ, ಕೊನೆಯ ಎರಡು ಹಾಡು ನಾನು ಕೇಳಿಯೇ ಇಲ್ಲ! ಆಲ್ಬಂ ನಲವತ್ತು ನಿಮಿಷದ್ದು, ನನ್ನ ಕ್ಯಾಸೆಟ್ಟಿನ ಒಂದು ಬದಿ ಮೂವತ್ತು ನಿಮಿಷದ್ದು. ಹೋಗಲಿ, ಹೆಚ್ಚಿಗೆ ಸಿಕ್ಕಿದ್ದಕ್ಕೆ ಯಾರು ಜಗಳ ತೆಗೆಯುತ್ತಾರೆ?

ಇದ್ದದ್ದೇ ಕಾಣೆಯಾಗಿತ್ತಲ್ಲ, ಅದು ಕಾಡಿತು. ‘ಸೀನ್ ಅಂಡ್ ನಾಟ್ ಸೀನ್’ನಲ್ಲಿ ಡೇವಿಡ್ ಬರ್ನ್ ಹಾಡುವುದಿಲ್ಲ, ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಾನೆ. ಅವನ ಹಿಂದೆ ದೂರದಿಂದ ಗೊತ್ತಿಲ್ಲದ ಭಾಷೆಯಲ್ಲಿ ಒಬ್ಬ ಹೆಂಗಸು ಎರಡು ಮಾತು ಕೂಗುತ್ತಾಳೆ. ಇಡೀ ಆಲ್ಬಮ್ಮಿನಲ್ಲಿ ನನಗೆ ಅದೇ ಹೆಚ್ಚು. ಗೆಳೆಯರಿಗೆ ವ್ಯಾಖ್ಯಾನವನ್ನೂ ಮಾಡಿದ್ದೆ: ಫೆಲಾ ಕುಟಿಯ ಪ್ರಭಾವ, ಬಹಾಮಾಸ್‌ನ ಸ್ಟುಡಿಯೋ, ಬ್ರಯನ್ ಈನೋ ಪದರ ಪದರವಾಗಿ ಕಟ್ಟಿದ ಆಫ್ರಿಕನ್ ಲಯ. ಎಲ್ಲವೂ ನಿಜವೇ. ಹೆಂಗಸು ಮಾತ್ರ ರೆಕಾರ್ಡಿನಲ್ಲಿಲ್ಲ.

ಅಟ್ಟ ಹತ್ತಿ ಕ್ಯಾಸೆಟ್ಟು ಇಳಿಸಿದೆ. ಹಿಂಬದಿಗೆ ಅಮ್ಮನ ಅಕ್ಷರ: ‘ಗುರುರಾಜುಲು ನಾಯ್ಡು ಹರಿಕಥೆ, ರೇಡಿಯೋ’. ಟ್ರಾನ್ಸಿಸ್ಟರಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿದ್ದು. ಒಂದೇ ಪಟ್ಟಿಯ ಮೇಲೆ ಎರಡು ಬದಿಯೂ ಪಕ್ಕಪಕ್ಕದಲ್ಲೇ, ಎದುರುಬದುರಾಗಿ ಓಡುತ್ತವೆ. ಹೆಡ್ಡು ಕೂದಲೆಳೆಯಷ್ಟು ಜರುಗಿದರೆ ಆ ಬದಿಯದ್ದು ಈ ಬದಿಗೆ ಉಲ್ಟಾ ಆಗಿ ಸೋರುತ್ತದೆ. ನಮ್ಮ ಟೇಪ್ ರೆಕಾರ್ಡರಿನದು ಜರುಗಿತ್ತು. ಬರ್ನ್‌ಗೆ ಇದು ತಿಳಿದಿದ್ದರೆ ಬೇಜಾರಾಗುತ್ತಿರಲಿಲ್ಲ ಎನ್ನಿ. ಇದೇ ಆಲ್ಬಮ್ಮಿನ ‘ವನ್ಸ್ ಇನ್ ಎ ಲೈಫ್‌ಟೈಮ್’ಗೆ ಅವನು ವರಸೆ ಎತ್ತಿಕೊಂಡದ್ದು ಅಮೆರಿಕದ ರೇಡಿಯೋ ಪಾದ್ರಿಗಳ ಪ್ರವಚನದಿಂದ. ಅಲ್ಲಿ ಪಾದ್ರಿ, ಇಲ್ಲಿ ದಾಸರು.

ಅಮ್ಮ ಹೋಗಿ ಹನ್ನೊಂದು ವರ್ಷ. ಸಡಿಲವಾಗಿದ್ದ ಟೇಪನ್ನು ಪೆನ್ಸಿಲ್ ತೂರಿಸಿ ಬಿಗಿಮಾಡಿದೆ, ಗೆಳೆಯನ ಡೆಕ್ಕು ಎರವಲು ತಂದೆ, ಕ್ಯಾಸೆಟ್ಟು ಮಗುಚಿ ಹಾಕಿದೆ. ಮೊದಲು ಗೊರಗೊರ. ಆಮೇಲೆ ಚಿಟಿಕೆಯ ಚಳಚಳ, ಹಾರ್ಮೋನಿಯಮ್ಮಿನ ಒಂದೆಳೆ. ಮೂರನೆಯ ನಿಮಿಷಕ್ಕೆ, ಮೈಕಿಗೆ ತೀರಾ ಹತ್ತಿರದಿಂದ:

“ಲೋ, ಹಾಲು ಉಕ್ತಿದೆ, ಇಳಿಸೋ!”