ಕೋವಿಗೆ ಸ್ಕೋಪ್ ಬೇಕಾ, ಕೈಗೆ ಟಾರ್ಚ್ ಬೇಕಾ?

ಭತ್ತ ಹಾಲುಗಟ್ಟೋ ಟೈಮು, ಹಂದಿ ಕಾಟ ಶುರು. ಹುಡುಗರು ಮೊಬೈಲಲ್ಲಿ ತೋರಿಸಿ "ಮೀಡಿಯಂ ರೇಟಿನ ಸ್ಕೋಪ್ ಕೋವಿಗೆ ಹಾಕ್ಸೋಣ್ವಾ?" ಅಂತಾರೆ. ನನ್ನ ಲೆಕ್ಕ ಹೇಳ್ತೀನಿ.

ಸ್ಕೋಪು ರೈಫಲ್ಲಿಗೆ ಹೊಂದೋದು. ಅದರ ನಳಿಗೆ ಒಳಗೆ ತಿರುಪು ಗೆರೆ ಇರುತ್ತೆ, ಒಂದೇ ಗುಂಡು ದೂರಕ್ಕೆ ನೇರ ಹೋಗುತ್ತೆ. ನಮ್ಮ ಬೆಳೆ ರಕ್ಷಣೆ ಲೈಸೆನ್ಸಿನ ತೋಟಾ ಕೋವಿ ನಳಿಗೆ ನುಣ್ಣಗೆ. ಚರೆ 40 ಗಜ ದಾಟಿದ್ರೆ ಚದುರಿ ಹೋಗುತ್ತೆ. ಅಷ್ಟು ಹತ್ತಿರಕ್ಕೆ ದುರ್ಬೀನು ಯಾಕೆ? ಮೇಲಾಗಿ 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಪರಾಧ. ನಾವು ಕಾಯೋದು ಬೆಳೆ. ಇನ್ನೊಂದು, ಸ್ಕೋಪಲ್ಲಿ ನೋಡೋದು ಅಂದ್ರೆ ಅತ್ತ ನಳಿಗೆ ತಿರುಗಿಸೋದೇ. ಪೊದೆ ಹಿಂದೆ ಅಲ್ಲಾಡಿದ್ದು ಪಕ್ಕದ ಗದ್ದೆ ಕಾಯೋರಾಗಿದ್ರೆ?

ಆ ದುಡ್ಡಿಗೆ ಒಳ್ಳೆ ಟಾರ್ಚ್ ತಗೊಳ್ಳಿ. ಲ್ಯೂಮೆನ್ ಒಂದನ್ನೇ ನೋಡ್ಬೇಡಿ, ಅದು ಒಟ್ಟು ಬೆಳಕು. ಬೆಳಕು ಎಷ್ಟು ದೂರ ಹೋಗುತ್ತೆ ನೋಡಿ. ನಿಯಮ ಪ್ರಕಾರ ಅಳೆದು 400 ಮೀಟರ್ ಅಂತ ಬರೆದಿದ್ರೂ, ಅಲ್ಲಿ ಬೀಳೋದು ಬೆಳದಿಂಗಳಷ್ಟೇ ಬೆಳಕು. 200 ಮೀಟರಿಗೆ ಅದರ ನಾಲ್ಕು ಪಟ್ಟು ಸಿಗುತ್ತೆ. ಹಂದಿನೋ ಮನುಷ್ಯನೋ ಗುರುತು ಹಿಡಿಯೋಕೆ ಅರ್ಧ ದೂರ ಅಂತಲೇ ಲೆಕ್ಕ ಹಾಕಿ. ಬಿಚ್ಚಿ ಹಾಕೋ 18650 ಸೆಲ್ಲಿಂದು ತಗೊಂಡ್ರೆ ಜೇಬಲ್ಲಿ ಒಂದು ಸ್ಪೇರ್ ಇಟ್ಕೋಬಹುದು. ಮಂಜಲ್ಲಿ ಹಣೆ ಲೈಟು ಕಣ್ಣಿಗೇ ವಾಪಸ್ ಹೊಡೆಯುತ್ತೆ. ಟಾರ್ಚನ್ನ ಸೊಂಟದ ಹತ್ರ ಹಿಡೀರಿ, ದಾರಿ ಕಾಣುತ್ತೆ.

ಗದ್ದೆಗೆ ಇಳಿಯೋ ಮುಂಚೆ ಅಂಚಿಂದಲೇ ಒಂದು ಸುತ್ತು ಬೆಳಕು ಹಾಯ್ಸಿ. ಆನೆ ಕಂಡ್ರೆ ಸದ್ದಿಲ್ಲದೆ ವಾಪಸ್ ಬನ್ನಿ. ಭತ್ತ ಮುಂದಿನ ವರ್ಷವೂ ಬೆಳೀಬಹುದು.